ಬೀಡಿಯ ವಾರದ ಹಣ ನಿಂತರೆ ತೋಟದ ಗತಿ ಏನು?



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಅಡಿಕೆ ತೋಟದ ಖರ್ಚು ಬರೆಯುವಾಗ ಗೊಬ್ಬರ, ಕೂಲಿ, ಮೈಲುತುತ್ತು, ಸುಣ್ಣ ಎಲ್ಲವನ್ನೂ ಬರೆಯುತ್ತೇವೆ. ಅದೇ ಮನೆಯ ಹೆಂಗಸರು ಜಗಲಿಯಲ್ಲಿ ಕುಳಿತು ಕಟ್ಟಿದ ಬೀಡಿಯ ಮಜೂರಿಯನ್ನು ಮಾತ್ರ ಕೃಷಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಸೇರಿಸಿದ್ದರೆ ಸಣ್ಣ ಹಿಡುವಳಿ ಹೇಗೆ ಉಳಿಯಿತೆಂಬುದು ಸ್ಪಷ್ಟವಾಗುತ್ತಿತ್ತು.

1974ರ ಭೂಸುಧಾರಣೆಯಿಂದ ನಮ್ಮ ಜಿಲ್ಲೆಯಲ್ಲಿ ಅನೇಕ ಗೇಣಿದಾರರು ಭೂಮಿಯ ಒಡೆಯರಾದರು. ಕೈಗೆ ಬಂದದ್ದು ಸಣ್ಣ ತುಂಡು ಭೂಮಿ. ಅಲ್ಲಿ ಅಡಿಕೆ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ಆ ವರ್ಷಗಳಲ್ಲಿ ಅಂಗಡಿಯ ಸಾಲ ತೀರಿಸಿದ್ದು, ಮಕ್ಕಳ ಶಾಲೆಯ ಫೀಸು ಕಟ್ಟಿದ್ದು ಬೀಡಿಯ ಹಣ. ಅಡಿಕೆ ವರ್ಷಕ್ಕೊಮ್ಮೆ ಕೊಡುತ್ತದೆ, ಬೀಡಿ ವಾರವಾರ ಕೊಡುತ್ತಿತ್ತು. ಇವೆರಡು ಸೇರಿಯೇ ಸಂಸಾರ ನಡೆದದ್ದು.

ಈಗ ಈ ಜೋಡಿಯಲ್ಲಿ ಒಂದು ಕುಂಟುತ್ತಿದೆ. 2003ರ ತಂಬಾಕು ನಿಯಂತ್ರಣ ಕಾಯಿದೆ, 2008ರ ಸಾರ್ವಜನಿಕ ಸ್ಥಳಗಳ ಧೂಮಪಾನ ನಿಷೇಧ, 2017ರ ಜುಲೈಯಲ್ಲಿ ಬಂದ ಶೇಕಡಾ 28ರ ಜಿ.ಎಸ್.ಟಿ. ಒಂದರ ಹಿಂದೆ ಒಂದಾಗಿ ಈ ಉದ್ದಿಮೆಯನ್ನು ತಟ್ಟಿದವು. 2025ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿಯು ಬೀಡಿಯ ತೆರಿಗೆಯನ್ನು ಶೇಕಡಾ 18ಕ್ಕೂ ಬೀಡಿ ಎಲೆಯ ತೆರಿಗೆಯನ್ನು ಶೇಕಡಾ 5ಕ್ಕೂ ಇಳಿಸಲು ತೀರ್ಮಾನಿಸಿತು. ಇದರಿಂದ ಸ್ವಲ್ಪ ಉಸಿರಾಡಲು ಆದೀತು. ಆದರೆ ಬೆನ್ನುನೋವು ತಿಂದ ತಾಯಂದಿರೇ ತಮ್ಮ ಮಗಳು ತಡ್ಪೆ ಹಿಡಿಯುವುದು ಬೇಡವೆನ್ನುತ್ತಿರುವಾಗ ತೆರಿಗೆ ಇಳಿಸಿದ ಮಾತ್ರಕ್ಕೆ ಹೊಸ ಕೈಗಳು ಬರುವುದಿಲ್ಲ. ಅವರು ಹೇಳುವುದು ಸರಿಯೇ. ಹೊಗೆಸೊಪ್ಪಿನ ಧೂಳಿನಲ್ಲಿ ಇನ್ನೊಂದು ತಲೆಮಾರು ಕೂರಬೇಕೆಂದು ನಾನೂ ಹೇಳಲಾರೆ.

ಅಂದ ಹಾಗೆ, ಬೀಡಿ ಬಿಟ್ಟವರು ಭವಿಷ್ಯ ನಿಧಿಯ ಪುಸ್ತಕವನ್ನು ಪೆಟ್ಟಿಗೆಯ ತಳಕ್ಕೆ ಹಾಕಬೇಡಿರಿ. ಹತ್ತು ವರ್ಷಗಳ ಅರ್ಹ ಸೇವೆ ಆಗಿದ್ದರೆ 58 ತುಂಬಿದಾಗ ಪಿಂಚಣಿಯ ಹಕ್ಕು ಇದೆ. ಹೆಸರು, ಜನ್ಮ ದಿನಾಂಕ ಆಧಾರಿನೊಂದಿಗೆ ತಾಳೆಯಾಗುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿರಿ.

ಇನ್ನು ಮುಖ್ಯ ವಿಷಯ. ಬೀಡಿಯ ಎಲೆ ಮಧ್ಯ ಭಾರತದ ಕಾಡುಗಳದು, ಹೊಗೆಸೊಪ್ಪು ಗುಜರಾತ್, ನಿಪ್ಪಾಣಿ ಕಡೆಯದು. ನಮ್ಮದೆಂದು ಇದ್ದದ್ದು ಹೆಂಗಸರ ಬೆರಳು ಮಾತ್ರ. ಇದಕ್ಕೂ ಹಿಂದಿನ ದೊಡ್ಡ ಉದ್ದಿಮೆಯಾದ ಹೆಂಚಿನದು ಬೇರೊಂದು ಕಥೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಈ ಉದ್ದಿಮೆಗೆ ಮಣ್ಣು ನಮ್ಮದೇ, ನದಿ ಬದಿಯ ಜೇಡಿಮಣ್ಣು. ಆದರೆ ಅಗೆದ ಮಣ್ಣು ಮತ್ತೆ ಬೆಳೆಯಲಿಲ್ಲ. ಮಣ್ಣು, ಸೌದೆ ದುಬಾರಿಯಾಗಿ ಮನೆಗಳಿಗೆ ಕಾಂಕ್ರೀಟ್ ತಾರಸಿ ಬಂದ ಮೇಲೆ ಚಿಮಣಿಗಳು ಒಂದೊಂದಾಗಿ ಆರಿದವು. ನಮಗೆ ಬೇಕಾದದ್ದು ನಮ್ಮ ನೆಲದಲ್ಲಿ ವರ್ಷವರ್ಷವೂ ಬೆಳೆಯುವ ಕಚ್ಚಾ ವಸ್ತುವಿನ ಉದ್ದಿಮೆ.

ಅಂಥದ್ದು ನಮ್ಮ ನೆರೆಯಲ್ಲೇ ಇದೆ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. 1980ರ ಸುಮಾರಿಗೆ ಕೊಕ್ಕೊ ಬೆಲೆ ಬಿದ್ದು ಕೊಳ್ಳುವವರು ಹಿಂದೆ ಸರಿದಾಗ ಬೆಳೆಗಾರರು ಗಿಡಗಳನ್ನೇ ಕಡಿಯತೊಡಗಿದ್ದರು. ಆಗ ಕ್ಯಾಂಪ್ಕೊ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ನಷ್ಟದ ಕಾಲದಲ್ಲಿ ರೈತರೇ ಹುಟ್ಟಿಸಿದ ಕಾರ್ಖಾನೆ ಇದು. ಸರಕಾರದ ಕಡೆಗೆ ನೋಡುತ್ತ ಕುಳಿತವರು ಇದನ್ನು ನೆನೆಯಬೇಕು. (ನಾನೂ ಸರಕಾರದ ನೌಕರನೇ!)

ಅಡಿಕೆಯೊಂದನ್ನೇ ನಂಬುವುದು ಇಂದು ಅಪಾಯ. ಹಳದಿ ರೋಗಕ್ಕೆ ಮದ್ದಿಲ್ಲ. 2022ರಿಂದ ಎಲೆಚುಕ್ಕಿ ರೋಗವೂ ಕರಾವಳಿ, ಮಲೆನಾಡುಗಳ ತೋಟಗಳನ್ನು ಹಣ್ಣು ಮಾಡಿದೆ. ವಾರದ ಹಣವಿಲ್ಲದ ಮನೆಗೆ ಒಂದು ವರ್ಷದ ಫಸಲು ಹೋದರೆ ಸಾಲವೇ ಗತಿ. ಆದ್ದರಿಂದ ಅಡಿಕೆಯ ನೆರಳಲ್ಲೇ ಕೊಕ್ಕೊ ಬೆಳೆಸುವುದು ಒಳ್ಳೆಯದು. 9 ಅಡಿ ಅಂತರದ ಅಡಿಕೆ ತೋಟದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿನಂತೆ, 9 ಅಡಿಗೆ 18 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 270 ಗಿಡ. ಒತ್ತಾಗಿ ನೆಟ್ಟ ಹಳೆಯ ತೋಟಗಳಿಗೆ ಇದು ಬೇಡ. ಮೂರು ನಾಲ್ಕು ವರ್ಷಗಳಲ್ಲಿ ಕಾಯಿ ಬರುತ್ತದೆ, ಹಂಗಾಮಿನಲ್ಲಿ ಹದಿನೈದು ದಿನಕ್ಕೊಮ್ಮೆ ಕೊಯ್ಲು. ಕಾಯಿ ಒಡೆದು ಬೀಜ ಬಿಡಿಸುವುದು ಮನೆಯವರೇ ಮಾಡಬಹುದಾದ ಕೆಲಸ. ಗೆಲ್ಲು ಸವರದಿದ್ದರೆ ಕೊಕ್ಕೊ ಕಾಡಾಗುತ್ತದೆ, ಕಾಯಿಗಳು ಅಳಿಲು, ಮಂಗಗಳ ಪಾಲು. ಮಳೆಗಾಲದಲ್ಲಿ ಕಾಯಿ ಕಪ್ಪಾಗುವ ರೋಗಕ್ಕೆ ಅಡಿಕೆಗೆ ಮಾಡಿದ ಶೇಕಡಾ 1ರ ಬೋರ್ಡೋ ದ್ರಾವಣವನ್ನೇ ಸಿಂಪಡಿಸಿರಿ.

ಬೆಲೆಯ ವಿಷಯದಲ್ಲಿ ಮಾತ್ರ ಎಚ್ಚರ. 2024ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಕೊಕ್ಕೊ ಟನ್ನಿಗೆ 10,000 ಡಾಲರ್ ದಾಟಿತ್ತು, 2025ರ ಕೊನೆಯ ಹೊತ್ತಿಗೆ ಅದರ ಅರ್ಧದ ಆಸುಪಾಸಿಗೆ ಇಳಿಯಿತು. 2024ರ ಬೆಲೆಯನ್ನು ಆಧಾರವಾಗಿಟ್ಟು ಸಾಲ ಮಾಡಬೇಡಿರಿ. ಕೈಖರ್ಚಿನ ಬೆಳೆಯೆಂದು ಬೆಳೆಸಿರಿ.

ನೀರಿಲ್ಲದ ಗುಡ್ಡೆಗೆ ಗೇರು ಇದೆ. ನಮ್ಮ ಕರಾವಳಿಯ ಗೇರುಬೀಜ ಕಾರ್ಖಾನೆಗಳು ಸ್ಥಳೀಯ ಬೀಜ ಸಾಲದೆ ಆಫ್ರಿಕದಿಂದ ತರಿಸುತ್ತವೆ. ಅವುಗಳಲ್ಲಿ ದುಡಿಯುವವರು ಬಹುಪಾಲು ಹೆಂಗಸರೇ. ಮುರಕಲ್ಲಿನ ಗುಡ್ಡೆ ಹಾಳು ಬಿದ್ದಿರುವಾಗ ಹಡಗಿನಲ್ಲಿ ಬೀಜ ಬರುವುದು ಎಂಥ ವಿಪರ್ಯಾಸ! ಉಳ್ಳಾಲ-3, ಭಾಸ್ಕರ ಮುಂತಾದ ತಳಿಗಳ ಕಸಿ ಗಿಡಗಳನ್ನು 25 ಅಡಿ ಅಂತರದಲ್ಲಿ ಎಕರೆಗೆ 70ರಂತೆ ನೆಡಬಹುದು. ಚಿಗುರು ಮತ್ತು ಹೂವಿನ ಕಾಲದಲ್ಲಿ ಚಹಾ ಸೊಳ್ಳೆಯನ್ನು ಹತೋಟಿಯಲ್ಲಿಡದಿದ್ದರೆ ಫಸಲಿಲ್ಲ.

ಇವೆರಡೂ ಫಲ ಕೊಡುವವರೆಗೆ ಏನೆಂದು ಕೇಳುವಿರಿ. ಹುಲ್ಲು, ನೀರು ಇದ್ದವರಿಗೆ ಒಂದೆರಡು ಹಸು. ಹಾಲಿನ ಸಂಘದ ಬಟವಾಡೆಯಷ್ಟು ಬೀಡಿಯ ಹಣಕ್ಕೆ ಹತ್ತಿರದ್ದು ಬೇರೊಂದಿಲ್ಲ. ಹಿಂಡಿ ಪೂರ್ತಿ ಕೊಂಡು ಹಾಕಿದರೆ ಉಳಿಯುವುದು ಸಗಣಿ ಮಾತ್ರ, ಆದ್ದರಿಂದ ತೋಟದ ಬದಿಯಲ್ಲಿ ಮೊದಲು ಹುಲ್ಲು ನೆಟ್ಟು ಆಮೇಲೆ ಹಸು ತನ್ನಿರಿ.

ಕೊಕ್ಕೊ ಗಿಡಗಳಿಗೆ ವಿಟ್ಲದ ಸಿ.ಪಿ.ಸಿ.ಆರ್.ಐ. ಕೇಂದ್ರದಲ್ಲೂ ಗೇರು ಕಸಿಗಳಿಗೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲೂ ವಿಚಾರಿಸಬಹುದು. ಪತ್ತನಾಜೆ ಕಳೆದ ಮೇಲೆ ಹೋದರೆ ಬರಿಗೈಯಲ್ಲಿ ಹಿಂದಿರುಗಬೇಕಾದೀತು. ಬೇಸಗೆಯಲ್ಲೇ ಹೆಸರು ಬರೆಸಿ ಬನ್ನಿರಿ.