ಗೇರ್ ಬಾಕ್ಸ್ ಬಿಚ್ಚೋದಾ, ಬದಲಿಸೋದಾ? ಒಂದೇ ಗಾಡಿ ಇರೋನ ಲೆಕ್ಕವೇ ಬೇರೆ

ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಪಿಕಪ್ ಗಾಡಿಯ ಮಾಲೀಕನೊಬ್ಬ ಕೇಳಬಾರದ ಮಾತು ಅಂದರೆ ‘ಗೇರ್ ಬಾಕ್ಸ್ ಹೋಗಿದೆ’. ಟೈರ್ ಹೋದರೆ ಸಾಲ ಮಾಡಿ ಹಾಕಿಸಬಹುದು, ಬ್ಯಾಟರಿ ಹೋದರೆ ತಳ್ಳಿಸಿ ಸ್ಟಾರ್ಟ್ ಮಾಡಬಹುದು. ಗೇರ್ ಬಾಕ್ಸ್ ಹೋದರೆ ಗಾಡಿ ನಿಂತಲ್ಲೇ ನಿಲ್ಲುತ್ತೆ, ಕಂತು ಮಾತ್ರ ಓಡ್ತಾನೇ ಇರುತ್ತೆ.

ಸವಳಂಗದ ಮಟ್ಟಿಗೆ ಇದಕ್ಕೆ ಇನ್ನೊಂದು ತೊಡಕಿದೆ. ಊರು ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲೂಕಿನದು. ಆದರೆ ಊರಿನ ಮೇಲೆ ಹಾದುಹೋಗೋದು ಶಿವಮೊಗ್ಗ–ಶಿಕಾರಿಪುರ ರಸ್ತೆ. ಹೊನ್ನಾಳಿ ಭಾಗ 1997ರಲ್ಲಿ ಕಾಗದದ ಮೇಲೆ ದಾವಣಗೆರೆಗೆ ಸೇರಿದರೂ ಈ ಕಡೆಯ ಗಾಡಿಗಳು ದೊಡ್ಡ ರಿಪೇರಿಗೆ ಇವತ್ತಿಗೂ ಮುಖ ಮಾಡೋದು ಶಿವಮೊಗ್ಗದ ಕಡೆಗೇ. ಒಂದೋ ಕಂಪನಿಯ ಸರ್ವಿಸ್ ಸೆಂಟರ್, ಇಲ್ಲವೇ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್. ಎರಡು ಕಡೆ ಎರಡು ಉತ್ತರ ಸಿಗುತ್ತೆ. ಸರ್ವಿಸ್ ಸೆಂಟರ್‌ನಲ್ಲಿ ‘ಅಸೆಂಬ್ಲಿನೇ ಚೇಂಜ್ ಮಾಡ್ಬೇಕು ಸಾರ್’ ಅಂತಾರೆ. ಗ್ಯಾರೇಜಿನ ಮೇಸ್ತ್ರಿ ‘ಇಳಿಸಿ ಬಿಚ್ಚಿ ನೋಡಾಣ ಅಣ್ಣ, ಬೇರಿಂಗ್ ಇರ್ಬೇಕು’ ಅಂತಾನೆ. ಒಬ್ಬರು ಹೇಳಿದ ಮೊತ್ತ ಇನ್ನೊಬ್ಬರದ್ದಕ್ಕಿಂತ ಎರಡು ಪಟ್ಟೋ ಮೂರು ಪಟ್ಟೋ ಇರುತ್ತೆ.

ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಆ ಕಡೆ ಹೋದಾಗಲೆಲ್ಲ ‘ನೀನು ಓದಿದ್ದು ಅದನ್ನೇ ಅಲ್ವೇನಪ್ಪ, ಯಾವುದು ಮಾಡ್ಸದು ಹೇಳು’ ಅನ್ನೋ ಪ್ರಶ್ನೆ ಎದುರಾಗುತ್ತೆ. ಗೇರ್ ರೇಷಿಯೊ ಲೆಕ್ಕ ಹಾಕೋದನ್ನ ಕಾಲೇಜಿನಲ್ಲಿ ಕಲಿಸಿದ್ರು. ಯಾರನ್ನ ನಂಬಬೇಕು ಅನ್ನೋದು ಸಿಲಬಸ್‌ನಲ್ಲಿ ಇರಲಿಲ್ಲ. ಆದರೆ ಈ ಪ್ರಶ್ನೆಗೂ ಒಂದು ಲೆಕ್ಕ ಇದೆ.

ಹೋಗಿರೋದು ನಿಜಕ್ಕೂ ಏನು?

‘ಗೇರ್ ಬಾಕ್ಸ್ ಹೋಗಿದೆ’ ಅನ್ನೋದು ‘ಹೊಟ್ಟೆ ನೋವು’ ಅಂದ ಹಾಗೆ. ಅದು ದೂರು, ರೋಗದ ಹೆಸರಲ್ಲ. ಹಳ್ಳಿ ರಸ್ತೆಗಳಲ್ಲಿ ಓಡುವ ಬಹುಪಾಲು ಸರಕು ಗಾಡಿಗಳಲ್ಲಿ ಇರೋದು ಕೈಯಲ್ಲಿ ಗೇರ್ ಹಾಕುವ ಸಾದಾ ಗೇರ್ ಬಾಕ್ಸ್. ಎರಡು ಮೂರು ಶಾಫ್ಟ್, ಅವುಗಳ ಮೇಲೆ ಹಲ್ಲಿನ ಚಕ್ರಗಳು, ಹೊರಲು ಬೇರಿಂಗ್‌ಗಳು, ಗೇರ್ ಬದಲಿಸುವಾಗ ವೇಗ ಹೊಂದಿಸೋಕೆ ಸಿಂಕ್ರೊ ರಿಂಗ್‌ಗಳು, ಎಲ್ಲವೂ ಮುಳುಗಿರೋಕೆ ಎಣ್ಣೆ. ಇವುಗಳಲ್ಲಿ ಯಾವುದು ಸವೆದಿದೆ ಅನ್ನೋದನ್ನ ಗಾಡಿ ತಾನೇ ಸುಮಾರಾಗಿ ಹೇಳುತ್ತೆ.

ನ್ಯೂಟ್ರಲ್‌ನಲ್ಲಿ ಕೊರಗುವ ಸದ್ದು ಬಂದು, ಕ್ಲಚ್ ಒತ್ತಿದರೆ ನಿಂತುಹೋದರೆ ಇನ್‌ಪುಟ್ ಶಾಫ್ಟಿನ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗ್. ಒಂದೇ ಗೇರಿಗೆ ಹಾಕುವಾಗ ಕರಕರ ಅಂದರೆ ಆ ಗೇರಿನ ಸಿಂಕ್ರೊ. ಯಾವ ಗೇರೂ ಸಲೀಸಾಗಿ ಬೀಳ್ತಿಲ್ಲ ಅಂದರೆ ಎಷ್ಟೋ ಸಲ ಗೇರ್ ಬಾಕ್ಸ್ ತಪ್ಪೇ ಇರಲ್ಲ. ಕ್ಲಚ್ ಸರಿಯಾಗಿ ಬಿಡ್ತಿರಲ್ಲ, ಅಥವಾ ಲಿವರಿನ ಕೇಬಲ್ ಸಡಿಲ ಆಗಿರುತ್ತೆ. ಇಷ್ಟನ್ನ ಪರೀಕ್ಷೆ ಮಾಡೋಕೆ ಗೇರ್ ಬಾಕ್ಸ್ ಇಳಿಸಬೇಕಾಗಿಲ್ಲ, ಹತ್ತು ನಿಮಿಷ ಗಾಡಿ ಓಡಿಸಿದರೆ ಸಾಕು. ಓಡಿಸಿ ನೋಡದೆ ಬೆಲೆ ಹೇಳುವವರ ಮಾತನ್ನ, ಅವರು ಎಸಿ ರೂಮಿನಲ್ಲಿ ಕೂತಿರಲಿ, ತಗಡಿನ ಶೆಡ್ಡಿನಲ್ಲಿ ನಿಂತಿರಲಿ, ಅಲ್ಲಿಗೇ ಬಿಡಬಹುದು.

ಪೂರ್ತಿ ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಹೊರಗಿನ ಕವಚವೇ ಬಿರುಕು ಬಿಟ್ಟಿದ್ದರೆ, ಎಣ್ಣೆ ಇಲ್ಲದೆ ಓಡಿ ಶಾಫ್ಟ್ ಜಾಮ್ ಆಗಿ ಗೇರುಗಳೆಲ್ಲ ಹಾಳಾಗಿದ್ದರೆ ಬಿಚ್ಚಿ ಕೂಡಿಸೋದು ವ್ಯರ್ಥ. ಕಾರುಗಳಲ್ಲಿರುವ ಡಿಸಿಟಿ, ಸಿವಿಟಿ ಥರದ ಆಟೊಮ್ಯಾಟಿಕ್‌ಗಳಿಗೆ ವಿಶೇಷ ಉಪಕರಣ, ಸಾಫ್ಟ್‌ವೇರ್ ಎರಡೂ ಬೇಕು. ಅನುಭವವಿಲ್ಲದ ಕೈಗೆ ಅವನ್ನ ಕೊಡೋದು ಅಪಾಯ. ಎಎಂಟಿ ಬೇರೆ. ಅದು ಸಾದಾ ಗೇರ್ ಬಾಕ್ಸೇ, ಕ್ಲಚ್ ಮತ್ತು ಗೇರ್ ಹಾಕುವ ಕೆಲಸವನ್ನ ಮನುಷ್ಯನ ಬದಲು ಒಂದು ಯಂತ್ರ ಮಾಡುತ್ತೆ. ಕೆಡೋದು ಆ ಮೇಲಿನ ಯಂತ್ರವೂ ಆಗಿರಬಹುದು. ಹಾಗಿದ್ದಾಗ ಇಡೀ ಗೇರ್ ಬಾಕ್ಸಿಗೆ ದುಡ್ಡು ಕೊಡೋದು ಬೇಕಾಗಿಲ್ಲ.

ಇಬ್ಬರೂ ಸುಳ್ಳು ಹೇಳ್ತಿಲ್ಲ

ಸರ್ವಿಸ್ ಸೆಂಟರ್‌ನವರು ‘ಬದಲಿಸಿ’ ಅನ್ನೋದು ಕೇವಲ ದುರಾಸೆಯಿಂದ ಅಂತ ಊರಲ್ಲಿ ನಂಬಿಕೆ ಇದೆ. ಪೂರ್ತಿ ನಿಜ ಅಲ್ಲ. ಗೇರ್ ಬಾಕ್ಸ್ ಬಿಚ್ಚಿ ಕೂಡಿಸೋಕೆ ನುರಿತ ಕೈ ಬೇಕು, ದೂಳಿಲ್ಲದ ಜಾಗ ಬೇಕು, ಎರಡು ಮೂರು ದಿನ ಬೇಕು. ಬದಲಿಸೋಕೆ ಇವು ಅಷ್ಟಾಗಿ ಬೇಡ. ಹೊಸದಕ್ಕೆ ಕಂಪನಿ ವಾರಂಟಿ ಇರುತ್ತೆ, ಕೆಟ್ಟರೆ ಹೊಣೆ ಕಂಪನಿಯದ್ದು. ಬಿಚ್ಚಿ ಕೂಡಿಸಿದ್ದು ಕೆಟ್ಟರೆ ಹೊಣೆ ಕೂಡಿಸಿದವನದ್ದು. ಹೊಣೆಯನ್ನ ದಾಟಿಸೋ ದಾರಿ ಇರುವಾಗ ಯಾವ ಮ್ಯಾನೇಜರ್ ತಾನೇ ಅದನ್ನ ಹೊತ್ಕೊಳ್ತಾನೆ?

ಮೇಸ್ತ್ರಿಯ ಕಥೆ ಉಲ್ಟಾ. ಅವನ ಹತ್ರ ಕೈಚಳಕ ಇದೆ. ಆದರೆ ಬೋಲ್ಟುಗಳನ್ನ ಎಷ್ಟು ಬಿಗಿಯಬೇಕು, ಶಾಫ್ಟಿನ ಆಟ ಎಷ್ಟಿರಬೇಕು ಅನ್ನೋ ಕಂಪನಿಯ ಕೈಪಿಡಿ ಇಲ್ಲ. ಸ್ಕ್ಯಾನರ್ ಇದ್ದರೂ ಎಲ್ಲ ಮಾಡೆಲ್ ಓದಲ್ಲ. ಅಸಲಿ ಬಿಡಿಭಾಗ ಸಿಗದಿದ್ದಾಗ ‘ಲೋಕಲ್ ಮಾಲು’ ಹಾಕ್ತಾನೆ, ಅಥವಾ ಗುಜರಿಯಿಂದ ತಂದ ಗೇರ್ ಬಾಕ್ಸಿನ ಭಾಗ ಕೂಡಿಸ್ತಾನೆ. ಗಾಡಿ ಓಡುತ್ತೆ. ಎಷ್ಟು ದಿನ ಅನ್ನೋದು ಮಾತ್ರ ಅವನಿಗೂ ಗೊತ್ತಿಲ್ಲ.

ಲೆಕ್ಕ ಹಾಕಿ ನೋಡೋಣ

ಕೆಳಗಿನ ಅಂಕಿಗಳು ಲೆಕ್ಕಕ್ಕೆ ಇಟ್ಟುಕೊಂಡಿದ್ದು, ಯಾವ ಮಾಡೆಲ್ಲಿನ ದರವೂ ಅಲ್ಲ. ಹೊಸ ಗೇರ್ ಬಾಕ್ಸಿಗೆ 90,000 ರೂಪಾಯಿ, ಬಿಚ್ಚಿ ಕೂಡಿಸೋಕೆ 35,000. ಹೊಸದು ಕೆಡೋದೇ ಇಲ್ಲ ಅಂತಲೇ ಇಟ್ಕೊಳ್ಳಿ. ಕೂಡಿಸಿದ್ದು ಕೈಕೊಟ್ಟರೆ ಆಗ ಹೊಸದನ್ನೇ ಹಾಕಿಸಬೇಕು, ಜೊತೆಗೆ ಹತ್ತು ದಿನದ ಬಾಡಿಗೆ, ದಿನಕ್ಕೆ 2,500ರಂತೆ 25,000, ಕೈತಪ್ಪುತ್ತೆ. ಅಂದರೆ ಕೈಕೊಟ್ಟಾಗ ಹೆಚ್ಚುವರಿ ಹೊರೆ 1,15,000.

ಈಗ ಸಣ್ಣ ಗುಣಾಕಾರ. ನೂರು ಗಾಡಿಗಳಲ್ಲಿ 47ರವರೆಗೆ ರಿಪೇರಿ ವಿಫಲವಾದರೂ ಸರಾಸರಿಯಲ್ಲಿ ಬಿಚ್ಚಿ ಕೂಡಿಸೋದೇ ಅಗ್ಗ! ಅರ್ಧಕ್ಕರ್ಧ ಕೆಲಸ ಕೆಡಿಸೋ ಮೇಸ್ತ್ರಿಯ ಅಂಗಡಿ ಒಂದು ವರ್ಷವೂ ನಡೆಯಲ್ಲ. ಹಾಗಾಗಿ ಸಾದಾ ಗೇರ್ ಬಾಕ್ಸಿನ ವಿಷಯದಲ್ಲಿ, ಕವಚ ಗಟ್ಟಿ ಇದ್ದರೆ, ಲೆಕ್ಕ ರಿಪೇರಿಯ ಪರವಾಗಿದೆ.

ಹಾಗಿದ್ದರೂ ತಿಳಿದವರೂ ಯಾಕೆ ಸಾಲ ಮಾಡಿ ಹೊಸದು ಹಾಕಿಸ್ತಾರೆ? ಯಾಕಂದರೆ ಸರಾಸರಿ ಅನ್ನೋದು ನೂರು ಗಾಡಿ ಇರೋನ ಸುಖ. ಒಂದೇ ಗಾಡಿ ಇರೋನಿಗೆ ಸರಾಸರಿ ಇಲ್ಲ. ಅವನ ಪಾಲಿಗೆ 35,000ದಲ್ಲಿ ಮುಗಿಯುತ್ತೆ, ಇಲ್ಲ ಒಂದೂವರೆ ಲಕ್ಷ ಆಗುತ್ತೆ. ಆ ಎರಡನೆಯದು ಬಂದರೆ ಫೈನಾನ್ಸಿನವರು ಗಾಡಿ ಎಳ್ಕೊಂಡು ಹೋಗ್ತಾರೆ. ಅವನು ಹೆಚ್ಚು ಕೊಡೋ 55,000 ಕಬ್ಬಿಣಕ್ಕಲ್ಲ, ನೆಮ್ಮದಿಯ ನಿದ್ದೆಗೆ.

ಬಸ್ ಡಿಪೊ ಕಲಿಸೋ ಪಾಠ

ಇದೇ ರಸ್ತೆಯಲ್ಲಿ ಓಡುವ ಸರ್ಕಾರಿ ಬಸ್ಸುಗಳನ್ನ ನೋಡಿ. ಪ್ರತಿ ಸಲ ಗೇರ್ ಬಾಕ್ಸ್ ಸವೆದಾಗ ಹೊಸದು ತಂದರೆ ಯಾವ ಸಾರಿಗೆ ಸಂಸ್ಥೆಯೂ ಉಳಿಯಲ್ಲ. ಕೆಎಸ್‌ಆರ್‌ಟಿಸಿಗೆ ವಿಭಾಗೀಯ ಕಾರ್ಯಾಗಾರಗಳಿವೆ, ಕೆಂಗೇರಿ ಮತ್ತು ಹಾಸನದಲ್ಲಿ ಪ್ರಾದೇಶಿಕ ಕಾರ್ಯಾಗಾರಗಳಿವೆ. ದೊಡ್ಡ ಸಾರಿಗೆ ಸಂಸ್ಥೆಗಳ ಪದ್ಧತಿ ಏನಂದರೆ, ಸವೆದ ಎಂಜಿನ್ನೋ ಗೇರ್ ಬಾಕ್ಸೋ ಇಳಿಸಿ, ಮೊದಲೇ ಸಿದ್ಧ ಮಾಡಿಟ್ಟ ರೀಕಂಡೀಶನ್ ಆದದ್ದನ್ನ ಕೂರಿಸಿ ಬಸ್ ಕಳಿಸೋದು. ಇಳಿಸಿದ್ದು ಕಾರ್ಯಾಗಾರಕ್ಕೆ ಹೋಗಿ, ಸರಿಯಾಗಿ, ಇನ್ನೊಂದು ಬಸ್ಸಿಗೆ ಕಾಯುತ್ತೆ. ಬಿಚ್ಚಿ ಕೂಡಿಸಿದ ಸಾಮಾನನ್ನೇ ಹಾಕ್ಕೊಂಡು ಈ ಬಸ್ಸುಗಳು ದಿನವೂ ಜನರನ್ನ ಹೊತ್ತು ಓಡ್ತವೆ.

ಅಲ್ಲಿರೋ ಮೆಕ್ಯಾನಿಕ್ ನಮ್ಮ ಮೇಸ್ತ್ರಿಗಿಂತ ದೇವರೇನಲ್ಲ. ವ್ಯತ್ಯಾಸ ಎರಡೇ. ಸೋಲನ್ನ ಹಂಚಿಕೊಳ್ಳೋಕೆ ಅಲ್ಲಿ ಸಾವಿರಾರು ಬಸ್ಸುಗಳಿವೆ. ಮತ್ತೆ ಯಾವಾಗ ಬಿಚ್ಚಿದ್ದು, ಏನು ಹಾಕಿದ್ದು ಅನ್ನೋದು ಬರವಣಿಗೆಯಲ್ಲಿ ಇರುತ್ತೆ. ಮೊದಲನೆಯದನ್ನ ಸವಳಂಗದ ಗಾಡಿ ಮಾಲೀಕ ತರೋಕಾಗಲ್ಲ. ಎರಡನೆಯದು ಅವನ ಕೈಯಲ್ಲೇ ಇದೆ.

ಬಿಲ್ಲು ಬೇಡ ಅನ್ನೋ ದುಬಾರಿ ಉಳಿತಾಯ

ಗ್ಯಾರೇಜುಗಳಲ್ಲಿ ಕೇಳಿಬರೋ ಮಾತಿದೆ: ‘ಬಿಲ್ ಬೇಕಾ ಅಣ್ಣ? ಬಿಲ್ ಆದ್ರೆ ಜಿಎಸ್‌ಟಿ ಬೀಳುತ್ತೆ.’ ಗಿರಾಕಿ ಬೇಡ ಅಂತಾನೆ. ಅಲ್ಲಿಗೆ ಅವನು ಶೇ 18 ಉಳಿಸಿದ ಅಂದ್ಕೊಳ್ತಾನೆ, ಕಳ್ಕೊಂಡಿದ್ದು ಇರೋ ಒಂದೇ ಸಾಕ್ಷಿಯನ್ನ. ತಮಾಷೆ ಏನಂದರೆ, ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದ ಸಣ್ಣ ಗ್ಯಾರೇಜು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯನ್ನೇ ಮಾಡಿಸಬೇಕಾಗಿಲ್ಲ. ತೆರಿಗೆ ಇಲ್ಲದ ಸಾದಾ ಬಿಲ್ಲನ್ನ ಅದು ಧಾರಾಳವಾಗಿ ಕೊಡಬಹುದು. ಬಿಡಿಭಾಗಗಳಿಗೆ ಸ್ಪೇರ್ಸ್ ಅಂಗಡಿಯ ಬಿಲ್ಲು ಬೇರೆ. 2025ರ ಸೆಪ್ಟೆಂಬರ್ 22ರಿಂದ ಶೇ 28ರಲ್ಲಿದ್ದ ವಾಹನ ಬಿಡಿಭಾಗಗಳ ತೆರಿಗೆಯೂ ಶೇ 18ಕ್ಕೆ ಇಳಿದಿದೆ. ಬಿಲ್ಲು ತಪ್ಪಿಸೋಕೆ ಇದ್ದ ನೆಪ ಅಷ್ಟರ ಮಟ್ಟಿಗೆ ಸಣ್ಣದಾಯಿತು.

ಹಾಗಾಗಿ ಗೇರ್ ಬಾಕ್ಸ್ ಇಳಿಸೋ ಮೊದಲು ನಾಲ್ಕು ಮಾತು ಆಡಿಕೊಳ್ಳಿ. ಬಿಚ್ಚಿದ ಮೇಲೆ ನನ್ನನ್ನ ಕರೆಸಿ ತೋರಿಸಬೇಕು, ಇಲ್ಲ ವಿಡಿಯೊ ಕಳಿಸಬೇಕು. ಆಮೇಲೇ ಬೆಲೆ. ತೆಗೆದ ಹಳೇ ಸಾಮಾನು ನನಗೇ ವಾಪಸ್. ಯಾವ ಬೇರಿಂಗ್, ಯಾವ ರಿಂಗ್, ಯಾವ ಕಂಪನಿಯದ್ದು, ಎಷ್ಟು ಕಿಲೋಮೀಟರಿಗೆ ಹಾಕಿದ್ದು ಅಂತ ಬರೆದುಕೊಡಬೇಕು. ಕೊನೆಯದು, ಕೂಲಿಯಲ್ಲಿ ಒಂದು ಪಾಲು ಸಾವಿರ ಕಿಲೋಮೀಟರ್ ಓಡಿದ ಮೇಲೆ. ಕೆಲಸದ ಮೇಲೆ ಭರವಸೆ ಇರೋ ಮೇಸ್ತ್ರಿ ಚೌಕಾಸಿ ಮಾಡಿಯಾದರೂ ಇದಕ್ಕೆ ಒಪ್ತಾನೆ. ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ. ಇದೇ ನಾಲ್ಕು ಮಾತನ್ನ ಸರ್ವಿಸ್ ಸೆಂಟರ್‌ನಲ್ಲೂ ಆಡಬೇಕು. ಅಲ್ಲಿ ಐದನೆಯದೂ ಇದೆ: ಅಸೆಂಬ್ಲಿನೇ ಯಾಕೆ, ಒಳಗಿನ ಯಾವ ಭಾಗ ಹೋಗಿದೆ ಅಂತ ಜಾಬ್ ಕಾರ್ಡಿನಲ್ಲಿ ಬರೆಯಿರಿ.

ಕಾಗದ ಇದ್ದರೆ ಕಾನೂನು ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆ ಹೊರಗೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಮಾತ್ರ ಬಳಸಿದರೆ ಅದು ವ್ಯಾಪಾರ ಅನ್ನಿಸಿಕೊಳ್ಳಲ್ಲ ಅಂತ ಕಾಯ್ದೆಯೇ ಬಿಡಿಸಿ ಹೇಳಿದೆ. ತನ್ನ ಪಿಕಪ್ಪನ್ನ ತಾನೇ ಓಡಿಸಿ ಬದುಕೋನು ಗ್ರಾಹಕನೇ. ಇನ್ನೊಂದು ವಿಷಯ ಈ ಗಡಿ ಊರಿನವರಿಗೆ ಮುಖ್ಯ: ರಿಪೇರಿ ಶಿವಮೊಗ್ಗದಲ್ಲಿ ಆಗಿದ್ದರೂ ದೂರುದಾರ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ದಾವಣಗೆರೆಯಲ್ಲೇ, ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಮೊದಲ ಹೆಜ್ಜೆಗೆ 1915 ಸಹಾಯವಾಣಿ ಇದೆ.

ಸರ್ಕಾರ ಬಾಕಿ ಉಳಿಸಿಕೊಂಡಿರೋದು

ಗಿರಾಕಿಯ ಎಚ್ಚರಿಕೆ ಒಂದರಿಂದಲೇ ಇದು ಸರಿಹೋಗಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಸ್ವತಂತ್ರ ಗ್ಯಾರೇಜುಗಳಿಗೆ ಅಸಲಿ ಬಿಡಿಭಾಗ, ದೋಷ ಪತ್ತೆಯ ಉಪಕರಣ ಸಿಗದ ಹಾಗೆ ಮಾಡಿದ್ದಾರೆ ಅನ್ನೋದು ಆರೋಪದ ತಿರುಳು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಅನ್ನೋ ಷರತ್ತು ಹಾಕಬಾರದು, ಹೊರಗಿನ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಅಂತಲೂ ಆಯೋಗ ಹೇಳಿತ್ತು. ಪ್ರಕರಣ ಮೇಲ್ಮನವಿಗಳ ದಾರಿ ಹಿಡಿಯಿತು. 2016ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಟೊಯೊಟಾ, ಫೋರ್ಡ್, ನಿಸ್ಸಾನ್ ವಿಷಯದಲ್ಲಿ ತಪ್ಪನ್ನ ಎತ್ತಿಹಿಡಿದು ದಂಡದ ಲೆಕ್ಕವನ್ನ ಇಳಿಸಿತು.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ನ ಸಮಿತಿ ಮಾಡಿತು. ಕೃಷಿ ಉಪಕರಣ ಮತ್ತು ವಾಹನ ಎರಡೂ ಅದರ ವ್ಯಾಪ್ತಿಯಲ್ಲಿದ್ದವು. ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ಬಂತು. 2025ರ ಮೇನಲ್ಲಿ ರಿಪೇರಿ ಸೂಚ್ಯಂಕದ ವರದಿಯೂ ಸಲ್ಲಿಕೆ ಆಯಿತು, ಆದರೆ ಅದು ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್‌ಗೆ. ಟ್ರ್ಯಾಕ್ಟರಿನ, ಪಿಕಪ್ಪಿನ ಸರದಿ ಮೊದಲು ಬರಬೇಕಿತ್ತು. ಮೊಬೈಲ್ ಕೆಟ್ಟರೆ ಇನ್ನೊಂದರಲ್ಲಿ ಸಿಮ್ ಹಾಕಿ ದಿನ ದೂಡಬಹುದು, ಗಾಡಿ ಕೆಟ್ಟರೆ ಅನ್ನ ನಿಲ್ಲುತ್ತೆ.

ಆಗಬೇಕಾಗಿರೋದು ದೊಡ್ಡದೇನಲ್ಲ. ರಿಪೇರಿ ಕೈಪಿಡಿಗಳು ಕನ್ನಡದಲ್ಲಿ, ನ್ಯಾಯವಾದ ಬೆಲೆಗೆ, ಯಾರಿಗಾದರೂ ಸಿಗಲಿ. ಬೇರಿಂಗ್ ಒಂದೇ ಬೇಕಾದಾಗ ಬೇರಿಂಗ್ ಒಂದನ್ನೇ ಮಾರಲಿ. ಇಪ್ಪತ್ತು ವರ್ಷ ಕೈ ಎಣ್ಣೆ ಮಾಡಿಕೊಂಡ ಮೇಸ್ತ್ರಿಯನ್ನ ಐಟಿಐಗಳಲ್ಲಿ ಪರೀಕ್ಷಿಸಿ, ಇಂಥ ಕೆಲಸ ಬಲ್ಲ ಅಂತ ಪ್ರಮಾಣಪತ್ರ ಕೊಡಲಿ. ಇವತ್ತು ಅವನ ಹೆಸರು ಬಾಯಿಂದ ಬಾಯಿಗೆ ಹೋಗುತ್ತೆ, ಆ ಹೆಸರನ್ನ ನಂಬಿದ ಗಾಡಿಯವನು ಪಂದ್ಯ ಕಟ್ಟಿದ ಹಾಗೆ ಕೀ ಕೊಟ್ಟು ಬರ್ತಾನೆ. ಆ ಹೆಸರಿನ ಕೆಳಗೆ ಒಂದು ಸಹಿ, ಒಂದು ತಾರೀಖು ಬಿದ್ದರೆ ಸವಳಂಗದ ಒಂದೇ ಗಾಡಿಯವನೂ ಧೈರ್ಯವಾಗಿ ‘ಬಿಚ್ಚಪ್ಪ, ನೋಡಾಣ’ ಅನ್ನಬಹುದು.