ಮಸುಕಾದ ಚಿತ್ರವೂ ಸತ್ಯ ನುಡಿಯಬಲ್ಲದು

ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡವರಿಗೆಲ್ಲ ಗೊತ್ತು: “ಅಲುಗಾಡಬೇಡಿ” ಎಂಬುದೇ ಅಲ್ಲಿನ ಮೊದಲ ಅಪ್ಪಣೆ. ಅಲುಗಾಡಿದರೆ ಚಿತ್ರ ಕೆಟ್ಟಿತೆಂದೇ ಲೆಕ್ಕ. ಹಾಗೆ ‘ಕೆಟ್ಟ’ ಚಿತ್ರಗಳಿಂದಲೇ ಲೋಕಪ್ರಸಿದ್ಧರಾದವರು ಜಪಾನಿನ ದೈದೊ ಮೊರಿಯಾಮಾ. 1938ರಲ್ಲಿ ಒಸಾಕಾ ಪ್ರಾಂತದ ಇಕೆದದಲ್ಲಿ ಹುಟ್ಟಿದ ಇವರು 1961ರಲ್ಲಿ ಟೋಕಿಯೋ ಸೇರಿದರು. ಪುಟ್ಟ ಕ್ಯಾಮೆರಾ ಹಿಡಿದು ಷಿಂಜುಕುವಿನ ಬೀದಿ ಬೀದಿ ಅಲೆದರು. ಎಷ್ಟೋ ವೇಳೆ ಕಿಂಡಿಗೆ ಕಣ್ಣಿಡದೆಯೇ ಗುಂಡಿ ಒತ್ತಿದರು.

ಈ ಶೈಲಿಗೆ ಅಲ್ಲಿ ‘ಅರೆ, ಬುರೆ, ಬೊಕೆ’ ಎನ್ನುತ್ತಾರೆ. ಎಂದರೆ ಒರಟು ಕಾಳು, ಅಲುಗಾಟ, ಮಸುಕು. ಮಸಿಯ ಕಪ್ಪು, ಸುಣ್ಣದ ಬಿಳುಪು ಎದ್ದು ನಿಲ್ಲುತ್ತವೆ. ನಡುವಣ ಬೂದು ಬಹುಪಾಲು ಅಳಿದುಹೋಗುತ್ತದೆ. 1968ರಲ್ಲಿ ಆರಂಭವಾಗಿ ಮೂರೇ ಸಂಚಿಕೆಗಳಿಗೆ ನಿಂತ ‘ಪ್ರೊವೋಕ್’ ಪತ್ರಿಕೆ ಇದಕ್ಕೆ ಹೆಸರು ತಂದಿತು. ಮೊರಿಯಾಮಾ ಎರಡನೆಯ ಸಂಚಿಕೆಯಿಂದ ಅದರ ಜೊತೆಗೂಡಿದರು.

ಇದೆಲ್ಲ ಹೊಟ್ಟೆ ತುಂಬಿದವರ ಕಸರತ್ತೆಂದು ಕೆಲವರು ಹೇಳಿಯಾರು. ಅವರ ಬಳಿ ಬಲವಾದ ಉದಾಹರಣೆಯೂ ಉಂಟು. ಕೆನ್ ದೊಮೊನ್ 1960ರಲ್ಲಿ ಚಿಕುಹೊ ಕಲ್ಲಿದ್ದಲು ಗಣಿಗಾರರ ಮಕ್ಕಳ ಚಿತ್ರಗಳನ್ನು ಅಗ್ಗದ ಕಾಗದದಲ್ಲಿ ಅಚ್ಚು ಮಾಡಿಸಿ, ಪುಸ್ತಕಕ್ಕೆ ಕೇವಲ 100 ಯೆನ್ ಬೆಲೆಯಿಟ್ಟರು. ಹಸಿವನ್ನು ಸ್ಪಷ್ಟವಾಗಿ ತೋರಿಸುವುದೇ ಜನರ ಕಲೆಯಲ್ಲವೇ?

ಹೌದು, ಅದೂ ಬೇಕು. ದೊಮೊನ್ ಅವರಿಗೆ ನಾವು ತಲೆಬಾಗುತ್ತೇವೆ. ಆದರೆ ರಾತ್ರಿ ಪಾಳಿ ಮುಗಿಸಿ ಮನೆಗೆ ನಡೆವವನ ಕಣ್ಣಿಗೆ ಬೀದಿ ಸ್ಪಷ್ಟವಾಗಿ ಕಾಣುವುದೇ? ದೀಪ ಕಲೆಸಿಹೋಗುತ್ತದೆ, ಮುಖಗಳು ಜಾರಿಹೋಗುತ್ತವೆ. ಆ ನೋಟವೂ ಸತ್ಯವೇ. ಮೊರಿಯಾಮಾ 1971ರಲ್ಲಿ ತೆಗೆದ ಬೀದಿನಾಯಿಯ ಚಿತ್ರವನ್ನು ನೋಡಿ. ಊರು ಮಿಸಾವಾ, ಅಮೆರಿಕದ ವಾಯುನೆಲೆಯ ನೆರೆ. ಚಿತ್ರದಲ್ಲಿ ವಿಮಾನವಿಲ್ಲ, ಸಿಪಾಯಿಯಿಲ್ಲ. ಮಾಸಿದ ಮೈಯ ನಾಯಿಯೊಂದು ಹೊರಳಿ ನೋಡುತ್ತಿದೆ, ಅಷ್ಟೆ. ಯುದ್ಧದಲ್ಲಿ ಸೋತು, ಪರಸೇನೆಯ ನೆರಳಲ್ಲೇ ಸಿರಿವಂತವಾಗುತ್ತಿದ್ದ ನಾಡಿನ ಅಂಜಿಕೆ, ಹಟ ಎರಡನ್ನೂ ನಾವು ಆ ಕಣ್ಣಿನಲ್ಲಿ ಕಾಣುತ್ತೇವೆ.

ನಮ್ಮದೊಂದು ಜಗಳವುಂಟು. ಬೀದಿಯಲ್ಲಿ ಹುಟ್ಟಿದ ಈ ಚಿತ್ರಗಳು ಇಂದು ದೊಡ್ಡ ಸಂಗ್ರಹಾಲಯಗಳ ಗೋಡೆ ಸೇರಿವೆ. ಬೀದಿಯ ಜನ ಅಲ್ಲಿಗೆ ಹೋಗಿ ನೋಡುವುದುಂಟೇ? 1974ರಲ್ಲಿ ಇದೇ ಮೊರಿಯಾಮಾ ಟೋಕಿಯೋದಲ್ಲಿ ಒಂದು ಝೆರಾಕ್ಸ್ ಯಂತ್ರವಿಟ್ಟು, ಬಂದವರ ಎದುರಿಗೇ ಪ್ರತಿ ತೆಗೆದು, ಪಿನ್ನು ಹೊಡೆದು ಪುಸ್ತಕ ಮಾಡಿಕೊಟ್ಟಿದ್ದರು. ನಮಗೆ ಮೆಚ್ಚುಗೆ ಆ ಮೊರಿಯಾಮಾ.

ದುಬಾರಿ ಯಂತ್ರ, ನುಣುಪು ಕಾಗದ ಇಲ್ಲದವನಿಗೂ ಕಣ್ಣುಂಟು, ಕಂಡದ್ದನ್ನು ಹೇಳುವ ಹಕ್ಕುಂಟು. ಕೈ ನಡುಗಿತೆಂದು ಆ ಸಾಕ್ಷಿಯನ್ನು ತಳ್ಳಿಹಾಕುವುದು ನ್ಯಾಯವಲ್ಲ.