ಮುಂದಿನ ಸಾಲಿನ ಆಸನ ಯಾರಿಗೆ?

ಭೂಮಿ, ಬಂಗಾರ, ಬ್ಯಾಂಕಿನ ಠೇವಣಿ - ನಮ್ಮ ಹಿರಿಯರು ಆಸ್ತಿಯೆಂದು ಬಲ್ಲವು ಇವೇ. ಕಳೆದ ಕೆಲವು ದಶಕಗಳಲ್ಲಿ ಅವರು ಕಂಡು ಕೇಳರಿಯದ ಇನ್ನೊಂದು ಬಗೆಯ ಗಳಿಕೆಯು ನಮ್ಮ ಕುಟುಂಬಗಳಲ್ಲಿ ಸದ್ದಿಲ್ಲದೆ ಬೆಳೆದಿದೆ. ಅದುವೇ ವಿಮಾನದ ಮೈಲು. ಮನೆಯ ಯಜಮಾನನೋ ಮಗನೋ ಮಗಳೋ ಪರದೇಶದಲ್ಲಿ ದುಡಿಯುತ್ತ ವರ್ಷಂಪ್ರತಿ ಊರಿಗೆ ಬಂದು ಹೋಗುತ್ತಿರುವಾಗ ವಿಮಾನ ಸಂಸ್ಥೆಯ ಖಾತೆಯಲ್ಲಿ ಈ ಮೈಲುಗಳು ಜಮೆಯಾಗುತ್ತ ಹೋಗುತ್ತವೆ. ತಂದೆತಾಯಿಯರ ವಿವಾಹದ ಬೆಳ್ಳಿಹಬ್ಬ, ಮಗನ ಮದುವೆ, ರೋಮಿಗೋ ಲೂರ್ದಿಗೋ ಯಾತ್ರೆ - ಹೀಗೆ ಇಡೀ ಕುಟುಂಬ ಒಟ್ಟಾಗಿ ಹೊರಡುವ ದಿನ ಬಂದಾಗ ಪ್ರಶ್ನೆಯೊಂದು ಏಳುತ್ತದೆ: ಕೂಡಿಟ್ಟ ಮೈಲುಗಳನ್ನೆಲ್ಲ ವ್ಯಯಿಸಿ ಎಲ್ಲರ ಆಸನಗಳನ್ನೂ ಪ್ರಥಮ ದರ್ಜೆಗೆ ಏರಿಸಿಕೊಳ್ಳೋಣವೇ? ಎಲ್ಲರಿಗೂ ಸಾಲದಿದ್ದರೆ ಯಾರಿಗೆ?

ಇದು ಉಳ್ಳವರ ಚಿಂತೆ ಎಂದು ತಳ್ಳಿಹಾಕುವವರು ಇದ್ದಾರು. ಆದರೆ ಒಬ್ಬನು ದುಡಿದು ತಂದುದನ್ನು ಮನೆಮಂದಿ ಹೇಗೆ ಹಂಚಿಕೊಳ್ಳಬೇಕು ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಹೊಸ ಉಡುಪು ತೊಟ್ಟು ಬಂದಿದೆ. ಆದುದರಿಂದ ಇದನ್ನು ತುಸು ಸಾವಧಾನವಾಗಿ ವಿಚಾರ ಮಾಡುವುದು ಯುಕ್ತ.

ಮೊದಲಿಗೆ ಈ ಮೈಲು ಎಂಬುದರ ಹುಟ್ಟನ್ನು ತಿಳಿಯೋಣ. ಅಮೆರಿಕದ ಸರಕಾರ 1978ರಲ್ಲಿ ವಿಮಾನಯಾನದ ಮೇಲಿನ ತನ್ನ ನಿಯಂತ್ರಣವನ್ನು ಸಡಿಲಿಸಿತು. ಅಲ್ಲಿಯವರೆಗೆ ಯಾವ ಮಾರ್ಗದಲ್ಲಿ ಯಾರು ಹಾರಬೇಕು, ಎಷ್ಟು ದರ ವಿಧಿಸಬೇಕು ಎಂಬುದನ್ನೆಲ್ಲ ಸರಕಾರವೇ ನಿಶ್ಚಯಿಸುತ್ತಿತ್ತು. ನಿಯಂತ್ರಣ ಹೋದ ಮೇಲೆ ಸಂಸ್ಥೆಗಳ ನಡುವೆ ಪೈಪೋಟಿ ಹುಟ್ಟಿತು. ಗಿರಾಕಿಯನ್ನು ತಮ್ಮಲ್ಲಿಯೇ ಹಿಡಿದಿಟ್ಟುಕೊಳ್ಳುವ ಉಪಾಯವಾಗಿ ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ತನ್ನ ಮೈಲು ಯೋಜನೆಯನ್ನು ಆರಂಭಿಸಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಏರ್‌ಲೈನ್ಸ್ ಅದನ್ನು ಅನುಸರಿಸಿತು. ಹಾರಿದ ದೂರಕ್ಕೆ ತಕ್ಕಂತೆ ಮೈಲು. ಸಾಕಷ್ಟು ಮೈಲು ಕೂಡಿದರೆ ಉಚಿತ ಟಿಕೇಟು ಅಥವಾ ಮೇಲಿನ ದರ್ಜೆಯ ಆಸನ. ಈ ಸರಳ ಸೂತ್ರ ಲೋಕವನ್ನೆಲ್ಲ ವ್ಯಾಪಿಸಿತು.

ಮನುಷ್ಯನ ಆಸೆಗೂ ಜಾಣ್ಮೆಗೂ ಇದು ಎಂತಹ ಮೇವಾಯಿತೆಂಬುದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. 1999ರಲ್ಲಿ ಅಮೆರಿಕದ ಆಹಾರ ಕಂಪೆನಿಯೊಂದು ತನ್ನ ತಿನಿಸುಗಳ ಮೇಲಿನ ಚೀಟಿಗಳನ್ನು ಕಳುಹಿಸಿದವರಿಗೆ ವಿಮಾನದ ಮೈಲು ಕೊಡುವುದಾಗಿ ಸಾರಿತು. ಕ್ಯಾಲಿಫೋರ್ನಿಯಾದ ಡೇವಿಡ್ ಫಿಲಿಪ್ಸ್ ಎಂಬ ಎಂಜಿನಿಯರ್ ಲೆಕ್ಕ ಹಾಕಿ ನೋಡಿ, ಮೂರು ಸಾವಿರ ಡಾಲರುಗಳಿಗೆ ತುಸು ಹೆಚ್ಚು ವೆಚ್ಚ ಮಾಡಿ 12,150 ಪುಡಿಂಗ್ ಬಟ್ಟಲುಗಳನ್ನು ಕೊಂಡುಕೊಂಡರು. ಅಷ್ಟನ್ನು ತಿಂದು ಮುಗಿಸುವುದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಪುಡಿಂಗನ್ನು ಸಾಲ್ವೇಶನ್ ಆರ್ಮಿಯವರಿಗೆ ದಾನ ಮಾಡಿ, ಅದಕ್ಕೆ ಪ್ರತಿಯಾಗಿ ಅವರಿಂದ ಚೀಟಿಗಳನ್ನು ಬಿಡಿಸಿಕೊಂಡರು. ಹನ್ನೆರಡು ಲಕ್ಷಕ್ಕೂ ಮಿಕ್ಕಿ ಮೈಲುಗಳು ಅವರ ಪಾಲಾದವು. ಹಸಿದವರಿಗೂ ಊಟವಾಯಿತು, ಅವರಿಗೂ ಪ್ರಯಾಣವಾಯಿತು. ಇಂತಹ ಜಾಣ್ಮೆಯನ್ನು ಯಾರು ತಾನೇ ದೂರಿಯಾರು?

ಆದರೂ ಈ ಮೈಲುಗಳು ಪುಕ್ಕಟೆ ದೊರೆಯುವ ಉಡುಗೊರೆಯೆಂದು ಯಾರೂ ಭಾವಿಸದಿರಲಿ. ಅವುಗಳ ಬೆಲೆಯನ್ನು ಟಿಕೇಟಿನಲ್ಲಿಯೋ ಕ್ರೆಡಿಟ್ ಕಾರ್ಡಿನ ವ್ಯವಹಾರದಲ್ಲಿಯೋ ನಾವು ಮೊದಲೇ ತೆತ್ತಿರುತ್ತೇವೆ. 2020ರ ಕೊರೋನಾ ಕಾಲದಲ್ಲಿ ವಿಮಾನಗಳು ನಿಂತಲ್ಲೇ ನಿಂತಾಗ ಯುನೈಟೆಡ್ ಸಂಸ್ಥೆ ತನ್ನ ಮೈಲು ಯೋಜನೆಯನ್ನೇ ಅಡವಿಟ್ಟು ಸಾಲ ಎತ್ತಿತು. ಆಗ ಆ ಯೋಜನೆಗೆ ಕಟ್ಟಿದ ಬೆಲೆ ಸುಮಾರು 2,200 ಕೋಟಿ ಡಾಲರ್. ಶೇರು ಮಾರುಕಟ್ಟೆಯಲ್ಲಿ ಇಡೀ ಕಂಪೆನಿಗೆ ಆಗ ಇದ್ದ ಮೌಲ್ಯಕ್ಕಿಂತ ಅಧಿಕ! ದಾನ ಮಾಡುವವನ ಲೆಕ್ಕಪುಸ್ತಕ ಹೀಗಿರುವುದಿಲ್ಲ.

ಇನ್ನೊಂದು ಮಾರ್ಪಾಡನ್ನೂ ಗಮನಿಸಬೇಕು. ಅಮೆರಿಕದ ಡೆಲ್ಟಾ ಮತ್ತು ಯುನೈಟೆಡ್ ಸಂಸ್ಥೆಗಳು 2015ರಲ್ಲಿ, ಅಮೆರಿಕನ್ ಸಂಸ್ಥೆ 2016ರಲ್ಲಿ, ಹಾರಿದ ದೂರವನ್ನು ಬಿಟ್ಟು ತೆತ್ತ ಹಣದ ಆಧಾರದಲ್ಲಿ ಮೈಲು ಕೊಡತೊಡಗಿದವು. ಬೇರೆ ಅನೇಕ ಸಂಸ್ಥೆಗಳಲ್ಲಿಯೂ ಅಗ್ಗದ ಟಿಕೇಟಿಗೆ ಅಲ್ಪ ಮೈಲು, ದುಬಾರಿ ಟಿಕೇಟಿಗೆ ಅಧಿಕ ಮೈಲು ಎಂಬುದೇ ನಿಯಮ. ಎರಡು ವರ್ಷಕ್ಕೊಮ್ಮೆ ರಜೆ ಪಡೆದು ಎಲ್ಲಕ್ಕಿಂತ ಅಗ್ಗದ ಟಿಕೇಟಿನಲ್ಲಿ ಊರಿಗೆ ಬರುವ ಕಾರ್ಮಿಕನ ಖಾತೆ ತುಂಬಲು ಒಂದು ಆಯುಷ್ಯವೇ ಬೇಕಾದೀತು. ಹೀಗಿರುವಲ್ಲಿ ಯಾವುದೇ ಮನೆಯವರ ಖಾತೆಯಲ್ಲಿ ಲಕ್ಷ ಮೈಲುಗಳಿದ್ದರೆ ಅದರ ಹಿಂದೆ ದೀರ್ಘ ಕಾಲದ ದುಡಿಮೆಯಾದರೂ ದೊಡ್ಡ ವೆಚ್ಚವಾದರೂ ಇದ್ದೇ ಇರುತ್ತದೆ.

ಈಗ ಆಸನ ಏರಿಸುವ ವಿಧಾನವನ್ನು ನೋಡೋಣ. ಸಾಮಾನ್ಯವಾಗಿ ಒಮ್ಮೆಗೆ ಒಂದೇ ದರ್ಜೆ ಏರಬಹುದು. ಇಕಾನಮಿಯಿಂದ ಬಿಸಿನೆಸ್ ದರ್ಜೆಗೆ, ಬಿಸಿನೆಸ್ ದರ್ಜೆಯಿಂದ ಪ್ರಥಮ ದರ್ಜೆಗೆ. ತೀರಾ ಅಗ್ಗದ ಟಿಕೇಟುಗಳಿಗೆ ಈ ಸೌಲಭ್ಯ ಅನೇಕ ಕಡೆ ಇಲ್ಲ. ಕೆಲವು ಸಂಸ್ಥೆಗಳು ಪ್ರಥಮ ದರ್ಜೆಯ ಬಾಗಿಲನ್ನು ತಮ್ಮ ಮೇಲಿನ ಶ್ರೇಣಿಯ ಸದಸ್ಯರಿಗಷ್ಟೇ ತೆರೆಯುತ್ತವೆ. ಮಂಗಳೂರಿನಿಂದ ಕೊಲ್ಲಿ ನಾಡುಗಳಿಗೆ ಹಾರುವ ವಿಮಾನಗಳಲ್ಲಂತೂ ಪ್ರಥಮ ದರ್ಜೆಯೆಂಬುದೇ ಇಲ್ಲ. ಅದು ಬೇಕೆಂದರೆ ಬೆಂಗಳೂರು, ಮುಂಬಯಿಗಳಂತಹ ದೊಡ್ಡ ನಿಲ್ದಾಣಗಳಿಗೆ ಹೋಗಬೇಕು.

ಹಲವು ಆಸನಗಳ ಮಾತು ಬಂದಾಗ ಲೆಕ್ಕ ಬೇಗನೆ ಏರುತ್ತದೆ. ಪ್ರತಿಯೊಂದು ಆಸನಕ್ಕೂ, ಪ್ರತಿಯೊಂದು ಹಂತಕ್ಕೂ ಪ್ರತ್ಯೇಕ ಮೈಲು ತೆರಬೇಕು. ಉದಾಹರಣೆಗೆ ಒಂದು ಆಸನಕ್ಕೆ ಒಂದು ಕಡೆಯ ಪ್ರಯಾಣಕ್ಕೆ 40,000 ಮೈಲು ಎಂದಿಟ್ಟುಕೊಳ್ಳೋಣ. ನಾಲ್ವರ ಕುಟುಂಬ ಹೋಗಿ ಬರಲು 3,20,000 ಮೈಲು ಬೇಕಾಯಿತು. ನಡುವೆ ವಿಮಾನ ಬದಲಿಸುವುದಿದ್ದರೆ ಇನ್ನೂ ಹೆಚ್ಚು. ಇದಲ್ಲದೆ ಪ್ರಥಮ ದರ್ಜೆಯಲ್ಲಿ ಆಸನಗಳೇ ಕೆಲವು; ಅವುಗಳಲ್ಲಿ ಮೈಲಿಗೆ ಬಿಟ್ಟುಕೊಡುವವು ಮತ್ತೂ ಕೆಲವು. ಆದುದರಿಂದ ನಾಲ್ವರಲ್ಲಿ ಇಬ್ಬರದು ಖಚಿತವಾಗಿ, ಉಳಿದಿಬ್ಬರು ಕೊನೆಯ ಗಳಿಗೆಯವರೆಗೆ ಕಾಯುವ ಪಟ್ಟಿಯಲ್ಲಿ ಉಳಿಯುವುದು ಅಪರೂಪವೇನಲ್ಲ. ಆಗ ಒಂದೇ ಮನೆಯವರು ಪರದೆಯ ಆಚೆ ಇಬ್ಬರು, ಈಚೆ ಇಬ್ಬರು ಎಂಬಂತಾಗುತ್ತದೆ.

ಈ ಪರದೆಯ ಕಾರಣದಿಂದಲೇ ಮೈಲುಗಳ ಒಡೆತನವನ್ನು ವಿಚಾರಿಸಬೇಕಾಗುತ್ತದೆ. ಖಾತೆ ಇರುವುದು ಒಬ್ಬರ ಹೆಸರಿನಲ್ಲಿ, ನಿಜ. ಆದರೆ ಅವರು ಆ ಮೈಲುಗಳನ್ನು ಗಳಿಸಿದ್ದು ಮನೆಯಿಂದ ದೂರವಿದ್ದು. 1982ರವರೆಗೂ ಮುಂಬಯಿಯಿಂದ ಕೊಲ್ಲಿಯ ಬಂದರುಗಳಿಗೆ ಓಡಾಡುತ್ತಿದ್ದ ‘ದ್ವಾರಕಾ’ ಹಡಗಿನಲ್ಲಿ ಬಹುಪಾಲು ಪ್ರಯಾಣಿಕರು ಡೆಕ್ಕಿನ ಮೇಲೆಯೇ ಹಾಸಿಕೊಂಡು ಮಲಗಿ ಹೋದವರು. ಆನಂತರವೂ ಕರಾವಳಿಯವರು ಬಸ್ಸು ಹತ್ತಿ ಮುಂಬಯಿಗೆ ಹೋಗಿ ಅಲ್ಲಿಂದ ವಿಮಾನ ಏರಬೇಕಿತ್ತು. ಮಂಗಳೂರಿನಿಂದ ನೇರವಾಗಿ ದುಬಾಯಿಗೆ ವಿಮಾನ ಬಂದದ್ದು 2006ರಲ್ಲಿ. ಅಷ್ಟು ವರ್ಷಗಳ ಕಾಲ ಗಂಡ ಅಲ್ಲಿ ದುಡಿಯುತ್ತಿರುವಾಗ ಇಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸಿದವಳು, ಅತ್ತೆ ಮಾವಂದಿರ ಔಷಧೋಪಚಾರ ನೋಡಿದವಳು, ತೋಟದ ಕೆಲಸ ಮಾಡಿಸಿದವಳು ಹೆಂಡತಿ. ಆತನು ಹಾರಿದ ಒಂದೊಂದು ಮೈಲೂ ಆಕೆ ಒಂಟಿಯಾಗಿ ಕಳೆದ ದಿನಗಳ ಲೆಕ್ಕವೂ ಹೌದು. ಮಗನ ಮೊದಲ ಪರಮಪ್ರಸಾದದ ದಿನ ತಂದೆ ಛಾಯಾಚಿತ್ರದಲ್ಲಿ ಇಲ್ಲದಿರುವುದೂ ಆ ಲೆಕ್ಕದಲ್ಲಿ ಸೇರಿದೆ. ಆದುದರಿಂದ ಖಾತೆ ಯಾರದೇ ಹೆಸರಿನಲ್ಲಿರಲಿ, ಮೈಲು ಮನೆಯದು. ಅದರ ವಿನಿಯೋಗವೂ ಮನೆಮಂದಿ ಕುಳಿತು ಮಾತಾಡಿ ನಿಶ್ಚಯಿಸಬೇಕಾದ ವಿಷಯ.

ಎಲ್ಲರಿಗೂ ಸಾಲುವಷ್ಟು ಇಲ್ಲವೆಂದಾದರೆ ಮುಂದಿನ ಆಸನ ಯಾರಿಗೆ? ಯಜಮಾನನಿಗೆ ಎಂಬುದು ನಮ್ಮ ರೂಢಿಯ ಉತ್ತರ. ಮುದ್ದಿನ ಮೊಮ್ಮಗನಿಗೆ ಎಂಬುದು ಅಕ್ಕರೆಯ ಉತ್ತರ. ಇವೆರಡನ್ನೂ ನಾನು ಒಪ್ಪಲಾರೆ. ಹದಿನಾಲ್ಕು ಹದಿನೈದು ತಾಸುಗಳ ಪ್ರಯಾಣದಲ್ಲಿ ಕಾಲು ಚಾಚಿ ಮಲಗುವ ಅಗತ್ಯ ಇರುವುದು ಮಂಡಿನೋವಿನ ಅಜ್ಜಿಗೆ, ಶಸ್ತ್ರಚಿಕಿತ್ಸೆಯಾದ ಅಜ್ಜನಿಗೆ, ಗರ್ಭಿಣಿಯಾದ ಸೊಸೆಗೆ. ಅವರ ಜೊತೆಗೆ ಒಬ್ಬರು ಇರಲಿ. ಗುಂಡಿ ಒತ್ತಿದರೆ ಮಂಚವಾಗುವ ಆ ಆಸನಗಳ ಉಪಯೋಗವನ್ನು ವೃದ್ಧರಿಗೆ ಹೇಳಿಕೊಡುವವರೂ ಬೇಕಲ್ಲವೇ? ಉಳಿದವರು ಹಿಂದೆ ಕುಳಿತರೆ ಯಾರ ಮಾನವೂ ಕುಂದದು. ಚಿಕ್ಕ ಮಗುವಿಗಾದರೋ ಕಿಟಕಿಯ ಪಕ್ಕ ಸಿಕ್ಕಿದರೆ ಎಲ್ಲ ದರ್ಜೆಯೂ ಪ್ರಥಮ ದರ್ಜೆಯೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಮೂವತ್ತು ವರ್ಷ ಮರಳುಗಾಡಿನಲ್ಲಿ ಬೆವರು ಸುರಿಸಿದವನು ಜೀವಮಾನದಲ್ಲಿ ಒಂದು ಸಲ ಹೆಂಡತಿಯೊಡನೆ ಸುಖವಾಗಿ ಪ್ರಯಾಣ ಮಾಡಿದರೆ ತಪ್ಪೇನು? ಏನೂ ತಪ್ಪಿಲ್ಲ. ನಿವೃತ್ತನಾಗಿ ಊರಿಗೆ ಹಿಂದಿರುಗುವ ಕೊನೆಯ ಪ್ರಯಾಣದಲ್ಲಿಯೋ ವಿವಾಹದ ಹಬ್ಬದಲ್ಲಿಯೋ ದಂಪತಿಗಳಿಬ್ಬರು ಮುಂದಿನ ಸಾಲಿನಲ್ಲಿ ಕುಳಿತು ಬಂದರೆ ಮಕ್ಕಳು ಸಂತೋಷಪಡಬೇಕು. ಸರಳತೆಯ ಹೆಸರಿನಲ್ಲಿ ಇನ್ನೊಬ್ಬರ ಸಂಭ್ರಮವನ್ನು ಅಳೆಯುತ್ತ ಕೂರುವುದು ಸದ್ಗುಣವಲ್ಲ. ಮೈಲುಗಳೆಲ್ಲ ಒಂದೇ ರಾತ್ರಿಯ ವೈಭವಕ್ಕೆ ಕರಗಿ, ಅಗತ್ಯದ ದಿನ ಖಾತೆ ಬರಿದಾಗಬಾರದು ಎಂಬುದಷ್ಟೇ ನನ್ನ ವಾದ.

ಆ ಅಗತ್ಯದ ದಿನ ಯಾವುದೆಂದು ಪರದೇಶದಲ್ಲಿ ಮಕ್ಕಳಿರುವ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಕೂಡಲೇ ಹೊರಟು ಬಾ ಎಂದು ದೂರವಾಣಿ ಕರೆ ಹೋದ ರಾತ್ರಿ ಟಿಕೇಟಿನ ದರ ಆಕಾಶಕ್ಕೇರಿರುತ್ತದೆ. ಹಬ್ಬದ ಋತುವಾದರೆ ಕೇಳುವುದೇ ಬೇಡ. ಅಂತಹ ಸಮಯದಲ್ಲಿ ಮೈಲು ಕೊಟ್ಟು ಪಡೆಯುವ ಇಕಾನಮಿಯ ಒಂದು ಆಸನ, ಅದು ಲಭ್ಯವಿದ್ದರೆ, ಪ್ರಥಮ ದರ್ಜೆಯ ಯಾವ ಭೋಗಕ್ಕೂ ಮಿಗಿಲು. ಅನೇಕ ಸಲ ಒಂದು ಆಸನವನ್ನು ದರ್ಜೆ ದಾಟಿಸಲು ಬೇಕಾಗುವ ಮೈಲುಗಳಿಂದಲೇ ಇನ್ನೊಬ್ಬರಿಗೆ ಸಾಮಾನ್ಯ ದರ್ಜೆಯ ಟಿಕೇಟು ಪಡೆಯಲು ಸಾಧ್ಯವಾಗುತ್ತದೆ. ಹಣವಿಲ್ಲದೆ ತಂಗಿಯ ಮದುವೆಗೆ ಬರಲಾಗದಿದ್ದ ತಮ್ಮನೊಬ್ಬ ಬಂದು ಪಂಕ್ತಿಯಲ್ಲಿ ಕುಳಿತರೆ, ಮನೆಗೆ ಅದಕ್ಕಿಂತ ದೊಡ್ಡ ದರ್ಜೆ ಏರಿಕೆ ಬೇರೇನಿದೆ?

ಹಾಗೆಂದು ಮೈಲುಗಳನ್ನು ಠೇವಣಿಯಂತೆ ವರ್ಷಗಟ್ಟಲೆ ಕಾದಿಡುವುದೂ ವಿವೇಕವಲ್ಲ. ಅವುಗಳಿಗೆ ಬಡ್ಡಿ ಬೆಳೆಯುವುದಿಲ್ಲ; ಬದಲಾಗಿ ಸಂಸ್ಥೆಗಳು ದರ ಬದಲಿಸಿದಾಗಲೆಲ್ಲ ಅವು ಸವೆಯುತ್ತವೆ. ಅನೇಕ ಯೋಜನೆಗಳಲ್ಲಿ ನಿಗದಿತ ಅವಧಿಯ ತರುವಾಯ ಅವು ಅಳಿದೇ ಹೋಗುತ್ತವೆ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಕಿಂಗ್‌ಫಿಶರ್ ಏರ್‌ಲೈನ್ಸ್ ತನ್ನ ಹಾರಾಟ ನಿಲ್ಲಿಸಿದಾಗ ಅದರ ಮೈಲುಗಳನ್ನು ಕೂಡಿಟ್ಟಿದ್ದವರ ಕೈಯಲ್ಲಿ ಉಳಿದದ್ದು ಬರಿಯ ಕಾರ್ಡು. ಒಂದು ತುರ್ತು ಪ್ರಯಾಣಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಕಾಲಕಾಲಕ್ಕೆ ಬಳಸುವುದು ಲೇಸು.

ಇನ್ನು ಕಚೇರಿಯ ಖರ್ಚಿನಲ್ಲಿ ಹಾರಿ ಗಳಿಸಿದ ಮೈಲುಗಳ ಮಾತು. 2002ರಲ್ಲಿ ಜರ್ಮನಿಯಲ್ಲಿ ಸರಕಾರಿ ಪ್ರಯಾಣದ ಮೈಲುಗಳನ್ನು ಖಾಸಗಿಯಾಗಿ ಬಳಸಿಕೊಂಡ ರಾಜಕಾರಣಿಗಳ ಸಂಗತಿ ಹೊರಬಿದ್ದಿತು. ಬರ್ಲಿನಿನ ಆರ್ಥಿಕ ವ್ಯವಹಾರಗಳ ಖಾತೆ ವಹಿಸಿದ್ದ ಗ್ರೆಗೊರ್ ಗೀಸಿ ಅದೇ ಕಾರಣಕ್ಕೆ ಪದತ್ಯಾಗ ಮಾಡಿದರು. ಅಮೆರಿಕದಲ್ಲಿ 2001ರ ಕೊನೆಯ ಕಾನೂನೊಂದು ಸರಕಾರಿ ನೌಕರರು ಅಂತಹ ಮೈಲುಗಳನ್ನು ಸ್ವಂತಕ್ಕೆ ಇಟ್ಟುಕೊಳ್ಳಲು ಅನುಮತಿಸಿತು. ನಮ್ಮ ಕೇಂದ್ರ ಸರಕಾರ 2008ರ ಆದೇಶದಲ್ಲಿ ಅವು ಇಲಾಖೆಯ ಇತರ ಅಧಿಕೃತ ಪ್ರಯಾಣಕ್ಕೇ ಸಲ್ಲಬೇಕೆಂದೂ, ಖಾಸಗಿಯಾಗಿ ಬಳಸಿದರೆ ಶಿಸ್ತುಕ್ರಮ ಜರುಗುವುದೆಂದೂ ವಿಧಿಸಿತು. ದೇಶಕ್ಕೊಂದು ನಿಯಮವಿರುವಾಗ ಪ್ರಾಮಾಣಿಕನಾದವನು ತನ್ನ ಧಣಿಯ ನಿಯಮವೇನೆಂದು ಮೊದಲು ಕೇಳಿ ತಿಳಿಯಬೇಕು. ಖಾಸಗಿ ಕಂಪೆನಿಯವರು ನೌಕರನೇ ಇಟ್ಟುಕೊಳ್ಳಲಿ ಎಂದರೆ ಸಂತೋಷ. ಆದರೆ ಮೈಲಿನ ಆಸೆಗಾಗಿ ಕಡಿಮೆ ದರದ ವಿಮಾನವನ್ನು ಬಿಟ್ಟು ದುಬಾರಿಯದನ್ನು ಆರಿಸುವುದು, ಬೇಡದ ಪ್ರವಾಸವನ್ನು ಹುಟ್ಟಿಸಿಕೊಳ್ಳುವುದು ಧಣಿಯ ಕಿಸೆಗೆ ಕೈಹಾಕಿದಂತೆ. ಆ ಮೈಲಿನಲ್ಲಿ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ನಾವು ಅವರಿಗೆ ಯಾವ ಪಾಠ ಕಲಿಸಿದಂತಾಯಿತು?

ಬರುವ ರಜೆಯಲ್ಲಿ ಕುಟುಂಬ ಸಮೇತ ಪ್ರಯಾಣ ಹೊರಡಲಿರುವ ಓದುಗರಲ್ಲಿ ನನ್ನದೊಂದು ವಿನಂತಿ. ಟಿಕೇಟು ಮಾಡಿಸುವ ಮೊದಲು ಒಂದು ಸಂಜೆ ಮನೆಯವರೆಲ್ಲ ಒಟ್ಟಾಗಿ ಕುಳಿತು ಖಾತೆಯಲ್ಲಿ ಎಷ್ಟಿದೆ, ಎಂದಿಗೆ ಅಳಿಯುತ್ತದೆ, ಯಾರಿಗೆ ಯಾವ ಕಷ್ಟವಿದೆ ಎಂದು ನೋಡಿರಿ. ಒಟ್ಟಾಗಿ ಏರಲು ಸಾಧ್ಯವಿದ್ದು, ತುರ್ತಿಗೆ ಉಳಿಯುವುದಾದರೆ ಧಾರಾಳವಾಗಿ ಏರಿರಿ. ಇಲ್ಲವಾದರೆ ವೃದ್ಧರಿಗೂ ಅಶಕ್ತರಿಗೂ ಮುಂದಿನ ಆಸನ ಕೊಡಿರಿ. ನಿಮಗೆ ಬೇಕಾಗದೆ ಮಿಕ್ಕಿದ್ದರೆ ಹಲವು ಸಂಸ್ಥೆಗಳಲ್ಲಿ ಮೈಲುಗಳನ್ನು ಧರ್ಮಕಾರ್ಯಗಳಿಗೆ ದಾನ ಮಾಡುವ ಏರ್ಪಾಡೂ ಇದೆ, ಅದನ್ನೂ ವಿಚಾರಿಸಿರಿ. ಪ್ರಯಾಣ ಮುಗಿದು ಲಗೇಜಿಗಾಗಿ ಕಾಯುವಲ್ಲಿ ಎಲ್ಲ ದರ್ಜೆಯವರೂ ಒಂದೇ ಕಡೆ ನಿಲ್ಲುತ್ತಾರೆ. ಅಲ್ಲಿ ಮನೆಯವರೆಲ್ಲ ಮುನಿಸಿಲ್ಲದೆ ಒಬ್ಬರ ಗಂಟನ್ನು ಇನ್ನೊಬ್ಬರು ಎತ್ತಿಕೊಳ್ಳುವಂತಿದ್ದರೆ ಮೈಲುಗಳು ಸದ್ವಿನಿಯೋಗವಾದವೆಂದು ತಿಳಿಯಬಹುದು.